ಹಿಮದೆತ್ತರಕ್ಕೆ ಹೊರಡುವ ಮುನ್ನ

ಸಂಸಾರಸಮೇತ ಸ್ವಿಟ್ಸರ್ಲೆಂಡಿಗೆ ಹೋದವರು ಯುಂಗ್‌ಫ್ರೌಯೋಖ್ ನೋಡದೆ ಮರಳುವುದು ವಿರಳ. 1912ರಲ್ಲಿ ತೆರೆದ ಹಲ್ಲುಗಾಲಿಯ ರೈಲು, ಐಗರ್ ಪರ್ವತದ ಒಡಲನ್ನು ಕೊರೆದ ಸುರಂಗದಲ್ಲಿ ಏರಿ, 3,454 ಮೀಟರ್ ಎತ್ತರದ ನಿಲ್ದಾಣವನ್ನು ಮುಟ್ಟಿಸುತ್ತದೆ. ಟಿಕೆಟು ಬಲು ದುಬಾರಿ. ಬೆಳಿಗ್ಗೆ ಎದ್ದೊಡನೆ ಅಲ್ಲಿಯ ನೇರ ಚಿತ್ರವನ್ನು ಮೊಬೈಲಿನಲ್ಲಿ ನೋಡಿ, ಆಕಾಶ ತಿಳಿಯಾಗಿದ್ದರೆ ಮಾತ್ರ ಕೊಳ್ಳುವುದು ಜಾಣತನ. ಅಷ್ಟು ಹಣ ತೆತ್ತು ಬರಿಯ ಮೋಡವನ್ನು ಕಂಡು ಬಂದವರೂ ಉಂಟು. ಮೋಡ ಮಡಿಕೇರಿಯಲ್ಲೂ ಸಿಕ್ಕೀತು!

ಮೇಲೆ ಗಾಳಿ ತೆಳು. ಹಿಮ ಕಂಡೊಡನೆ ಮೊಮ್ಮಕ್ಕಳು ಓಡುವರು. ಅವರ ಹಿಂದೆ ನಾಲ್ಕು ಹೆಜ್ಜೆ ಬಿರುಸಾಗಿ ಇಟ್ಟ ಅಜ್ಜಿಗೆ ಏದುಸಿರು ಹತ್ತುವುದು. ಹೃದ್ರೋಗವುಳ್ಳವರು ಊರು ಬಿಡುವ ಮೊದಲೇ ವೈದ್ಯರನ್ನು ಕೇಳಬೇಕು. ಅಲ್ಲಿ ತಲೆಸುತ್ತು ಬಂದರಂತೂ, ಫೋಟೋ ಮುಗಿಯಲೆಂದು ಕಾಯದೆ, ಮುಂದಿನ ರೈಲಿಗೇ ಕೆಳಗಿಳಿಯತಕ್ಕದ್ದು.