ಮೇಜಿನಿಂದ ಮೇಜಿಗೆ: ಲಿಯು ಗುವೊಲಿಯಾಂಗ್ ನಡೆದ ದಾರಿ

2017ರ ಜೂನ್ 23ರಂದು ಚೀನಾದ ಚೆಂಗ್ಡು ನಗರದಲ್ಲಿ ಚೀನಾ ಓಪನ್ ಟೇಬಲ್ ಟೆನಿಸ್ ಪಂದ್ಯಾವಳಿ ನಡೆದಿತ್ತು. ವಿಶ್ವದ ಅಗ್ರಶ್ರೇಯಾಂಕದ ಮೂವರು ಆಟಗಾರರಾದ ಮಾ ಲಾಂಗ್, ಫಾನ್ ಝೆನ್‌ಡಾಂಗ್ ಮತ್ತು ಷು ಷಿನ್ ಅಂದು ಅಂಕಣಕ್ಕೆ ಬರಲಿಲ್ಲ. ಮೂವರಿಗೂ ಗಾಯವಾಗಿರಲಿಲ್ಲ. ತಮ್ಮ ಮುಖ್ಯ ತರಬೇತುದಾರ ಲಿಯು ಗುವೊಲಿಯಾಂಗ್ ಅವರನ್ನು ಹುದ್ದೆಯಿಂದ ಸರಿಸಿದ ಮೇಲೆ ಆಡುವ ಮನಸ್ಸೇ ಉಳಿದಿಲ್ಲ ಎಂಬರ್ಥದ ಮಾತನ್ನು ಆಟಗಾರರು, ತರಬೇತುದಾರರು ಸಾಮಾಜಿಕ ಜಾಲತಾಣದಲ್ಲಿ ಹಂಚಿಕೊಂಡಿದ್ದರು. ಶಿಸ್ತಿಗೆ ಹೆಸರಾದ ಚೀನಾದ ಕ್ರೀಡಾ ವ್ಯವಸ್ಥೆಯಲ್ಲಿ ಇಂಥ ಬಹಿರಂಗ ಪ್ರತಿಭಟನೆ ಅಪರೂಪವೇ ಸರಿ.

ಏಳೂವರೆ ವರ್ಷಗಳ ಬಳಿಕ, 2024ರ ಡಿಸೆಂಬರ್ ಕೊನೆಯಲ್ಲಿ, ಆ ಮೂವರಲ್ಲಿ ಒಬ್ಬರಾದ ಫಾನ್ ಝೆನ್‌ಡಾಂಗ್ ಮತ್ತೆ ಹಿಂದೆ ಸರಿದರು. ಈ ಬಾರಿ ಅವರು ಬಿಟ್ಟದ್ದು ಒಂದು ಪಂದ್ಯವನ್ನಲ್ಲ, ವಿಶ್ವ ಶ್ರೇಯಾಂಕ ಪಟ್ಟಿಯನ್ನೇ. ಪಂದ್ಯಾವಳಿಗಳಿಗೆ ಗೈರಾದ ಆಟಗಾರರಿಗೆ ದಂಡ ವಿಧಿಸುವ ವರ್ಲ್ಡ್ ಟೇಬಲ್ ಟೆನಿಸ್ (ಡಬ್ಲ್ಯುಟಿಟಿ) ಸಂಸ್ಥೆಯ ನಿಯಮವೇ ಕಾರಣವೆಂದು ಅವರು ತಿಳಿಸಿದ್ದರು. ಒಲಿಂಪಿಕ್ ಮಹಿಳಾ ಸಿಂಗಲ್ಸ್ ಚಾಂಪಿಯನ್ ಚೆನ್ ಮೆಂಗ್ ಕೂಡ ಅದೇ ಹಾದಿ ಹಿಡಿದರು. ಡಬ್ಲ್ಯುಟಿಟಿಯ ಚುಕ್ಕಾಣಿ ಹಿಡಿಯಲು 2020ರಲ್ಲಿ ನೇಮಕಗೊಂಡವರು ಬೇರಾರೂ ಅಲ್ಲ, ಲಿಯು ಗುವೊಲಿಯಾಂಗ್ ಅವರೇ.

ಅಂದು ಯಾರಿಗಾಗಿ ಬ್ಯಾಟು ಕೆಳಗಿಟ್ಟಿದ್ದರೋ ಅವರೇ ನಡೆಸುವ ವ್ಯವಸ್ಥೆಯಿಂದ ಶಿಷ್ಯ ಹೊರನಡೆದದ್ದನ್ನು ಇಬ್ಬರು ವ್ಯಕ್ತಿಗಳ ನಡುವಿನ ಮುನಿಸೆಂದು ತಳ್ಳಿಹಾಕುವಂತಿಲ್ಲ. ಆಟಗಾರನ ಪಕ್ಕದಲ್ಲಿ ಕುಳಿತುಕೊಳ್ಳುವ ಕುರ್ಚಿಗೂ ಆಡಳಿತಗಾರನ ಕುರ್ಚಿಗೂ ಇರುವ ಅಂತರವನ್ನು ಈ ಘಟನೆ ಬಯಲಿಗೆ ತಂದಿತು.

ಸೋಲಿನ ಕಾಲದ ಕುಡಿ

ಲಿಯು ಜನಿಸಿದ್ದು 1976ರ ಜನವರಿಯಲ್ಲಿ, ಹೆನಾನ್ ಪ್ರಾಂತ್ಯದ ಷಿನ್‌ಷಿಯಾಂಗ್ ನಗರದಲ್ಲಿ. ತಂದೆ ಟೇಬಲ್ ಟೆನಿಸ್ ತರಬೇತುದಾರರು. ಅಣ್ಣ ಲಿಯು ಗುವೊಡಾಂಗ್ ಕೂಡ ಅದೇ ವೃತ್ತಿ ಹಿಡಿದು, ಮುಂದೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸಿಂಗಪುರದ ಮಹಿಳಾ ತಂಡ ಬೆಳ್ಳಿ ಗೆದ್ದಾಗ ಅದರ ಮುಖ್ಯ ತರಬೇತುದಾರರಾಗಿದ್ದರು.

ಲಿಯು ರಾಷ್ಟ್ರೀಯ ತಂಡದ ಬಾಗಿಲು ತಟ್ಟಿದಾಗ ಚೀನಾದ ಪುರುಷರ ವಿಭಾಗ ಪಾತಾಳ ಕಂಡಿತ್ತು. 1989ರಲ್ಲಿ ಡಾರ್ಟ್ಮುಂಡ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸ್ವೀಡನ್ ಚೀನಾವನ್ನು 5-0ರಿಂದ ಮಣಿಸಿತು. 1991ರಲ್ಲಿ ಜಪಾನಿನ ಚಿಬಾದಲ್ಲಿ ಚೀನಾ ಪಡೆದದ್ದು ಏಳನೆಯ ಸ್ಥಾನ. ಅನಂತರ ಹೊಣೆ ಹೊತ್ತ ತ್ಸಾಯ್ ಝೆನ್‌ಹುವಾ ಹೊಸ ಆಟಗಾರರನ್ನಷ್ಟೇ ಅಲ್ಲ, ಹೊಸ ಬಗೆಯ ಆಟವನ್ನೂ ಹುಡುಕತೊಡಗಿದರು.

ಆ ಹುಡುಕಾಟಕ್ಕೆ ಸಿಕ್ಕ ಉತ್ತರಗಳಲ್ಲಿ ಲಿಯು ಒಬ್ಬರು. ಪೆನ್ನು ಹಿಡಿದಂತೆ ಬ್ಯಾಟು ಹಿಡಿಯುವ ಏಷ್ಯಾದ ಪದ್ಧತಿಯಲ್ಲಿ ಆಟಗಾರರು ಬಹುತೇಕ ಬ್ಯಾಟಿನ ಒಂದೇ ಮುಖವನ್ನು ಬಳಸುತ್ತಿದ್ದರು. ಆದ್ದರಿಂದ ಎಡಬದಿಗೆ ಬಂದ ಚೆಂಡು ಅವರ ಪಾಲಿಗೆ ಸದಾ ದುರ್ಬಲ ತಾಣ. ಲಿಯು ಬ್ಯಾಟಿನ ಹಿಂಬದಿಗೂ ರಬ್ಬರು ಅಂಟಿಸಿ, ಮಣಿಕಟ್ಟು ತಿರುಗಿಸಿ ಹಿಂಬದಿಯಿಂದಲೇ ಹೊಡೆಯುವ ಕಲೆಯನ್ನು ವಿಶ್ವಮಟ್ಟದಲ್ಲಿ ಯಶಸ್ವಿಯಾಗಿಸಿದರು. ಅಳಿದೇ ಹೋಗುವುದೆನಿಸಿದ್ದ ಆ ಹಿಡಿತಕ್ಕೆ ಇದರಿಂದ ಮರುಜೀವ ಬಂತು. ಮಾ ಲಿನ್, ವಾಂಗ್ ಹಾವೊ, ಷು ಷಿನ್ ಮುಂತಾದವರು ಇದೇ ತಂತ್ರವನ್ನು ಮುಂದಕ್ಕೆ ಒಯ್ದರು.

1995ರಲ್ಲಿ ತಿಯಾನ್‌ಜಿನ್‌ನಲ್ಲಿ ಸ್ವೀಡನ್ನನ್ನು ಸೋಲಿಸಿ ವಿಶ್ವ ತಂಡ ಪ್ರಶಸ್ತಿ ಮರಳಿ ಪಡೆದ ಬಳಗದಲ್ಲಿ ಲಿಯು ಇದ್ದರು. 1996ರ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಚಿನ್ನವನ್ನೂ, ಕಾಂಗ್ ಲಿಂಗ್‌ಹುಯಿ ಜೊತೆಗೂಡಿ ಡಬಲ್ಸ್ ಚಿನ್ನವನ್ನೂ ಗೆದ್ದರು. ಅದೇ ವರ್ಷ ವಿಶ್ವಕಪ್, 1999ರಲ್ಲಿ ಐಂಡ್‌ಹೋವನ್‌ನಲ್ಲಿ ಮಾ ಲಿನ್ ವಿರುದ್ಧ ವಿಶ್ವ ಚಾಂಪಿಯನ್ ಪಟ್ಟ. ಈ ಮೂರೂ ಪ್ರಶಸ್ತಿಗಳನ್ನು ಗಳಿಸಿದ ಮೊದಲ ಚೀನೀ ಪುರುಷ ಆಟಗಾರ ಎಂಬ ಹಿರಿಮೆ ಅವರದಾಯಿತು.

ಆದರೆ ಆಟದ ನಿಯಮಗಳೇ ಅವರ ಕೈಬಿಟ್ಟವು. 2000ದ ಸಿಡ್ನಿ ಒಲಿಂಪಿಕ್ಸ್ ಬಳಿಕ ಚೆಂಡಿನ ಗಾತ್ರ 38 ಮಿಲಿಮೀಟರಿನಿಂದ 40ಕ್ಕೆ ಏರಿ ವೇಗ ತಗ್ಗಿತು. 2001ರಲ್ಲಿ 21 ಅಂಕಗಳ ಗೇಮು 11ಕ್ಕೆ ಇಳಿಯಿತು. 2002ರಲ್ಲಿ ತೋಳು ಮತ್ತು ಮೈ ಮರೆಯಲ್ಲಿ ಚೆಂಡನ್ನು ಅಡಗಿಸಿ ಸರ್ವ್ ಮಾಡುವುದಕ್ಕೆ ನಿಷೇಧ ಬಂತು. ಮೇಜಿಗೆ ಹತ್ತಿರ ನಿಂತು, ಸರ್ವ್‌ನಲ್ಲೇ ಎದುರಾಳಿಯನ್ನು ಕಟ್ಟಿಹಾಕುತ್ತಿದ್ದ ಆಟಗಾರನಿಗೆ ಈ ಮೂರೂ ಪೆಟ್ಟುಗಳು ಒಟ್ಟಿಗೇ ಬಿದ್ದವು. 2003ರಲ್ಲಿ, ಕೇವಲ 27ನೆಯ ವಯಸ್ಸಿನಲ್ಲಿ, ಅವರು ಪುರುಷರ ತಂಡದ ತರಬೇತಿಯ ಹೊಣೆ ಹೊತ್ತರು.

ತರಬೇತುದಾರನ ದಶಕ

ಮೊದಲ ದೊಡ್ಡ ಪರೀಕ್ಷೆಯಲ್ಲೇ ಹಿನ್ನಡೆ. 2004ರ ಅಥೆನ್ಸ್ ಫೈನಲ್‌ನಲ್ಲಿ ವಾಂಗ್ ಹಾವೊ ದಕ್ಷಿಣ ಕೊರಿಯಾದ ರಿಯು ಸೆಂಗ್‌ಮಿನ್‌ಗೆ ಸೋತರು. ನಾಲ್ಕು ವರ್ಷಗಳ ಬಳಿಕ ಬೀಜಿಂಗ್‌ನಲ್ಲಿ ಮಾ ಲಿನ್, ವಾಂಗ್ ಹಾವೊ, ವಾಂಗ್ ಲಿಚಿನ್ ಮೂರೂ ಪದಕಗಳನ್ನು ಬಾಚಿಕೊಂಡರು. ಮಹಿಳೆಯರ ವಿಭಾಗದಲ್ಲೂ ಹಾಗೇ ಆಯಿತು. ಮುಂದಿನ ಒಲಿಂಪಿಕ್ಸ್‌ನಿಂದ ಸಿಂಗಲ್ಸ್‌ನಲ್ಲಿ ಒಂದು ದೇಶಕ್ಕೆ ಇಬ್ಬರೇ ಎಂಬ ಮಿತಿ ಜಾರಿಗೆ ಬಂತು. 2012ರಲ್ಲಿ ಝಾಂಗ್ ಜೈಕೆ, 2016ರಲ್ಲಿ ಮಾ ಲಾಂಗ್ ಸಿಂಗಲ್ಸ್ ಚಿನ್ನ ಗೆದ್ದರು. 2013ರಲ್ಲಿ ಲಿಯು ಇಡೀ ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರರಾದರು.

ಈ ಯಶಸ್ಸನ್ನು ಒಬ್ಬ ವ್ಯಕ್ತಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಕ್ರೀಡಾಶಾಲೆ, ಪ್ರಾಂತೀಯ ತಂಡ, ರಾಷ್ಟ್ರೀಯ ಎರಡನೆಯ ತಂಡ, ಮೊದಲ ತಂಡ ಎಂಬ ಮೆಟ್ಟಿಲುಗಳು ಅವರಿಗೂ ಮೊದಲೇ ಇದ್ದವು. ಬುಟ್ಟಿಯಿಂದ ಒಂದರ ಹಿಂದೊಂದು ಚೆಂಡು ತೂರುವ ಅಭ್ಯಾಸ, ಎದುರಾಳಿ ದೇಶದ ಆಟಗಾರನ ಶೈಲಿಯನ್ನೇ ಅನುಕರಿಸಿ ಆಡಿಕೊಡುವ ಜೊತೆಗಾರರು, ಇವೂ ಹಳೆಯ ಪದ್ಧತಿಗಳೇ. 1988ರಿಂದ 2024ರ ಪ್ಯಾರಿಸ್‌ವರೆಗೆ ಟೇಬಲ್ ಟೆನಿಸ್‌ನ 42 ಒಲಿಂಪಿಕ್ ಚಿನ್ನಗಳಲ್ಲಿ ಚೀನಾ 37ನ್ನು ಗೆದ್ದಿರುವುದು ಈ ಯಂತ್ರದ ಬಲದಿಂದ.

ಲಿಯು ಆ ಯಂತ್ರಕ್ಕೆ ಒಂದು ಮುಖ ಕೊಟ್ಟರು. 2016ರ ರಿಯೊ ಕ್ರೀಡಾಕೂಟದ ವೇಳೆ, ಮಾ ಲಾಂಗ್ ಹಿಂದೆ ಕುಳಿತ ಈ ದಪ್ಪ ಮನುಷ್ಯ ಯಾರು, ಆಟವೇ ಗೊತ್ತಿಲ್ಲದವನಂತಿದ್ದಾನೆ ಎಂದು ವೀಕ್ಷಕನೊಬ್ಬ ಅಂತರಜಾಲದಲ್ಲಿ ಕೇಳಿದ್ದು ಚೀನಾದಾದ್ಯಂತ ನಗೆಯುಕ್ಕಿಸಿತು. ‘ಆಟ ಅರಿಯದ ದಪ್ಪ ಮನುಷ್ಯ’ ಎಂಬ ಅಡ್ಡಹೆಸರು ಲಿಯುಗೆ ಅಂಟಿಕೊಂಡಿತು. ಒಲಿಂಪಿಕ್ ಚಾಂಪಿಯನ್ನನಿಗೆ ಸಿಕ್ಕ ಈ ತಮಾಷೆಯ ಬಿರುದಿನ ಜೊತೆಗೇ ಟೇಬಲ್ ಟೆನಿಸ್ ಆಟಗಾರರು ಸಿನಿಮಾ ನಟರಷ್ಟು ಜನಪ್ರಿಯರಾದರು.

ಆಜ್ಞೆ ಮತ್ತು ಆಟಗಾರ

ಈ ವ್ಯವಸ್ಥೆಯಲ್ಲಿ ಆಟಗಾರನ ಸ್ವಂತ ಇಚ್ಛೆಗೆ ಎಷ್ಟು ಜಾಗವಿದೆ ಎಂಬುದು ಹಳೆಯ ಪ್ರಶ್ನೆ. ಅದರ ಪ್ರಖ್ಯಾತ ನಿದರ್ಶನವೊಂದು ನಡೆದದ್ದು ನವದೆಹಲಿಯಲ್ಲಿ, 1987ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ. ಸೆಮಿಫೈನಲ್‌ನಲ್ಲಿ ಸಹ ಆಟಗಾರ್ತಿಗೆ ಸೋಲುವಂತೆ ತಂಡ ನೀಡಿದ ಸೂಚನೆಯನ್ನು ಹೆ ಝಿಲಿ ಪಾಲಿಸಲಿಲ್ಲ. ಅವರು ಆ ಪಂದ್ಯವನ್ನೂ ಫೈನಲನ್ನೂ ಗೆದ್ದರು. ಮರುವರ್ಷದ ಸೋಲ್ ಒಲಿಂಪಿಕ್ ತಂಡದಲ್ಲಿ ವಿಶ್ವ ಚಾಂಪಿಯನ್ನಳಿಗೆ ಸ್ಥಾನ ದೊರೆಯಲಿಲ್ಲ. ಮುಂದೆ ಜಪಾನಿನಲ್ಲಿ ನೆಲೆಸಿ, ಚಿರೆ ಕೊಯಾಮಾ ಎಂಬ ಹೆಸರಿನಲ್ಲಿ ಆಡಿ, 1994ರ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಡೆಂಗ್ ಯಾಪಿಂಗ್ ಅವರನ್ನು ಸೋಲಿಸಿ ಚಿನ್ನ ಗೆದ್ದರು.

ಮೇಜಿನಿಂದ ಅಧಿಕಾರದ ಮೇಜಿಗೆ ನಡೆದವರ ಅನುಭವವೂ ಸುಖಕರವಾಗಿರಲಿಲ್ಲ. 1961, 1963 ಮತ್ತು 1965ರ ವಿಶ್ವ ಚಾಂಪಿಯನ್, 1971ರ ‘ಪಿಂಗ್‌ಪಾಂಗ್ ರಾಜತಂತ್ರ’ದ ನಾಯಕ ಝುವಾಂಗ್ ಝೆಡಾಂಗ್ 1970ರ ದಶಕದಲ್ಲಿ ದೇಶದ ಕ್ರೀಡಾ ಸಚಿವರ ಸ್ಥಾನಕ್ಕೇರಿದರು. 1976ರಲ್ಲಿ ‘ನಾಲ್ವರ ಕೂಟ’ ಪತನಗೊಂಡಾಗ ಅವರೂ ಕೆಳಗುರುಳಿದರು. ವರ್ಷಗಟ್ಟಲೆ ವಿಚಾರಣೆ ಎದುರಿಸಿದ ಬಳಿಕ ಶಾಂಕ್ಸಿ ಪ್ರಾಂತ್ಯದಲ್ಲಿ ತರಬೇತುದಾರರಾಗಿ ಮತ್ತೆ ಬ್ಯಾಟು ಹಿಡಿದರು.

2017ರಲ್ಲಿ ಲಿಯು ಅವರಿಗಾದದ್ದು ಅಷ್ಟು ಕಠೋರವಲ್ಲ. ಮುಖ್ಯ ತರಬೇತುದಾರರ ಹುದ್ದೆಯನ್ನೇ ರದ್ದುಗೊಳಿಸಿ ಅವರನ್ನು ಚೀನಾ ಟೇಬಲ್ ಟೆನಿಸ್ ಸಂಘದ ಉಪಾಧ್ಯಕ್ಷರನ್ನಾಗಿ ಮಾಡಲಾಯಿತು. ಸುಧಾರಣೆಯ ಕ್ರಮವೆಂಬುದು ಸರ್ಕಾರದ ವಿವರಣೆ. ಆದರೆ ಆಗಲೇ 18 ಉಪಾಧ್ಯಕ್ಷರಿದ್ದ ಸಂಘದಲ್ಲಿ 19ನೆಯವರಾಗುವುದು ಬಡ್ತಿಯೋ ಬದಿಗೊತ್ತುವಿಕೆಯೋ ಎಂಬುದು ಅಭಿಮಾನಿಗಳಿಗೆ ಅರ್ಥವಾಗದ ವಿಷಯವೇನಲ್ಲ. ಚೆಂಗ್ಡುವಿನ ಪ್ರತಿಭಟನೆಯನ್ನು ಕ್ರೀಡಾ ಇಲಾಖೆ ಕಟುವಾಗಿ ಖಂಡಿಸಿತು, ತಂಡ ಕ್ಷಮೆ ಕೋರಿತು. ಒಂದೂವರೆ ವರ್ಷದೊಳಗೆ, 2018ರ ಡಿಸೆಂಬರ್‌ನಲ್ಲಿ, ಲಿಯು ಅದೇ ಸಂಘದ ಅಧ್ಯಕ್ಷರಾಗಿ ಮರಳಿದರು.

ಮಾರುಕಟ್ಟೆಯ ಹೊಸ ಆಜ್ಞೆ

ಮರಳಿದ ಲಿಯು ಮುಂದಿದ್ದ ಗುರಿ ಚಿನ್ನದ ಪದಕಗಳಷ್ಟೇ ಅಲ್ಲ. ಟೆನಿಸ್ ಮಾದರಿಯಲ್ಲಿ ವರ್ಷವಿಡೀ ನಡೆಯುವ ಪಂದ್ಯಾವಳಿ, ಹೆಚ್ಚಿನ ಬಹುಮಾನ, ಪ್ರಾಯೋಜಕರು, ಟಿವಿ ಪ್ರಸಾರ ಇವು ಡಬ್ಲ್ಯುಟಿಟಿಯ ಕನಸುಗಳು. ಆಟ ಬೆಳೆಯಬೇಕಾದರೆ ಹಣ ಬೇಕು, ಹಣ ಬರಬೇಕಾದರೆ ತಾರೆಯರು ಆಡಬೇಕು. ಅಗ್ರಶ್ರೇಯಾಂಕದ ಆಟಗಾರರು ಪ್ರಮುಖ ಪಂದ್ಯಾವಳಿಗಳಿಗೆ ಬರಲೇಬೇಕು, ಬಾರದಿದ್ದರೆ ದಂಡ ಎಂಬ ನಿಯಮ ಹುಟ್ಟಿದ್ದು ಈ ತರ್ಕದಿಂದಲೇ. ವ್ಯಾಪಾರದ ದೃಷ್ಟಿಯಿಂದ ಅದರಲ್ಲಿ ತಪ್ಪು ಕಾಣುವುದು ಕಷ್ಟ.

ಆದರೆ ಆ ತಾರೆಯ ಸ್ಥಿತಿ ಹೇಗಿತ್ತು? ಪ್ಯಾರಿಸ್‌ನಲ್ಲಿ ವಾಂಗ್ ಚುಚಿನ್ ಬೇಗನೆ ಸೋತ ಮೇಲೆ ಪುರುಷರ ಸಿಂಗಲ್ಸ್‌ನಲ್ಲಿ ಚೀನಾದ ಭಾರವೆಲ್ಲ ಫಾನ್ ಹೆಗಲಿಗೇ ಬಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಜಪಾನಿನ ಹರಿಮೊಟೊ ವಿರುದ್ಧ ಮೊದಲ ಎರಡು ಗೇಮು ಕಳೆದುಕೊಂಡರೂ ಅವರು 4-3ರಿಂದ ಪಾರಾದರು, ಕೊನೆಗೆ ಚಿನ್ನ ಗೆದ್ದರು. ಮಹಿಳೆಯರ ಫೈನಲ್‌ನಲ್ಲಿ ಸುನ್ ಯಿಂಗ್‌ಷಾ ಅವರನ್ನು ಸೋಲಿಸಿದ ಚೆನ್ ಮೆಂಗ್ ಅವರಿಗೆ ಸ್ವದೇಶದ ಅಭಿಮಾನಿಗಳಿಂದಲೇ ನಿಂದನೆಯ ಮಳೆ ಸುರಿಯಿತು. ಜನಪ್ರಿಯತೆಯ ಬಿಸಿ ಆಟಗಾರರನ್ನು ಹೇಗೆ ಸುಡಬಲ್ಲದೆಂಬುದು ಅಂದು ಕಂಡಿತು. ಇಷ್ಟನ್ನು ದಾಟಿ ಬಂದವರಿಗೆ ವಿಶ್ರಾಂತಿಯೂ ದಂಡಾರ್ಹ ಎನಿಸಿದಾಗ, ಅವರು ಪಟ್ಟಿಯಿಂದ ಹೊರಬರುವುದನ್ನೇ ಆರಿಸಿಕೊಂಡದ್ದು ಅಚ್ಚರಿಯೇನಲ್ಲ. 2025ರಲ್ಲಿ ಫಾನ್ ಜರ್ಮನಿಯ ಸಾರ್‌ಬ್ರುಕನ್ ಕ್ಲಬ್ ಸೇರಿದರು.

ತರಬೇತುದಾರ ಲಿಯು ಆಗಿದ್ದರೆ ಈ ದಣಿವನ್ನು ಮುಖ ನೋಡಿಯೇ ಗುರುತಿಸುತ್ತಿದ್ದರೇನೋ. ಅಂಕಗಳ ನಡುವಿನ ವಿರಾಮದಲ್ಲಿ ಆಟಗಾರನ ಉಸಿರಾಟ ಕಂಡು ಮಾತು ಆಯುವುದೇ ಅವರ ವೃತ್ತಿಯಾಗಿತ್ತು. ಆಡಳಿತಗಾರನಿಗೆ ಕಾಣುವುದು ವೇಳಾಪಟ್ಟಿ. ಇದು ಅವರೊಬ್ಬರ ದೋಷವೆನ್ನುವುದಕ್ಕಿಂತ, ರಾಷ್ಟ್ರೀಯ ಸಂಘದ ಅಧ್ಯಕ್ಷ ಸ್ಥಾನವನ್ನೂ ಅಂತರರಾಷ್ಟ್ರೀಯ ಪಂದ್ಯಾವಳಿಗಳ ಉಸ್ತುವಾರಿಯನ್ನೂ ಒಬ್ಬರಿಗೇ ವಹಿಸಿದ ಏರ್ಪಾಟಿನ ದೋಷವೆನ್ನುವುದು ಹೆಚ್ಚು ಸೂಕ್ತ. ಆಟಗಾರರ ಪರವಾಗಿ ವಾದಿಸಬೇಕಾದ ಸಂಘದ ಮುಖ್ಯಸ್ಥರೇ ನಿಯಮ ರೂಪಿಸುವ ಪಕ್ಷದಲ್ಲೂ ಇದ್ದರೆ, ದೂರು ಹೇಳಿಕೊಳ್ಳಲು ಆಟಗಾರನಿಗೆ ಉಳಿಯುವ ಬಾಗಿಲು ಯಾವುದು?

2025ರ ಏಪ್ರಿಲ್‌ನಲ್ಲಿ ಲಿಯು ಸಂಘದ ಅಧ್ಯಕ್ಷ ಸ್ಥಾನದಿಂದ ಕೆಳಗಿಳಿದರು. ಇದಕ್ಕೂ ಡಿಸೆಂಬರಿನ ವಿವಾದಕ್ಕೂ ನೇರ ನಂಟು ಕಲ್ಪಿಸುವುದು ಆತುರದ ತೀರ್ಮಾನವಾದೀತು. ಅವರ ಜಾಗಕ್ಕೆ ಬಂದವರು ವಾಂಗ್ ಲಿಚಿನ್, ಮೂರು ಬಾರಿಯ ವಿಶ್ವ ಚಾಂಪಿಯನ್. 2000ದಲ್ಲಿ ಸಿಡ್ನಿಯ ಡಬಲ್ಸ್ ಫೈನಲ್‌ನಲ್ಲಿ ಯಾನ್ ಸೆನ್ ಜೊತೆಗೂಡಿ ಲಿಯು-ಕಾಂಗ್ ಜೋಡಿಯನ್ನು ಸೋಲಿಸಿದವರು, ಮುಂದೆ ಲಿಯು ಗರಡಿಯಲ್ಲೇ ಪಳಗಿದವರು. ಮೇಜಿನಿಂದ ಮೇಜಿಗೆ ಸಾಗುವ ಅದೇ ದಾರಿಯಲ್ಲಿ ಈಗ ಅವರ ಸರದಿ.

ಚೀನಾ ಇನ್ನೂ ಹಲವು ಚಿನ್ನ ಗೆಲ್ಲುವುದರಲ್ಲಿ ಅನುಮಾನ ಕಡಿಮೆ. ಆದರೆ 2017ರಲ್ಲಿ ಮೂವರು ಆಟಗಾರರನ್ನು ಅಂಕಣದಿಂದ ದೂರ ಉಳಿಸಿದ್ದು ಪದಕವೂ ಅಲ್ಲ, ಬಹುಮಾನದ ಹಣವೂ ಅಲ್ಲ, ತಮ್ಮ ಬೆನ್ನಿಗಿದ್ದ ಮನುಷ್ಯನ ಮೇಲಿನ ವಿಶ್ವಾಸ. ಲಿಯು ಗಳಿಸಿದ ಅತಿ ದೊಡ್ಡ ಸಂಪತ್ತು ಅದು. ಅದನ್ನು ಉಳಿಸಿಕೊಳ್ಳುವ ಆಡಳಿತವೊಂದನ್ನು ಕಟ್ಟುವುದು ಅವರಿಂದಾಗಲಿಲ್ಲ. ಉತ್ತರಾಧಿಕಾರಿಯ ಮುಂದಿರುವ ನಿಜವಾದ ಪಂದ್ಯವೂ ಅದೇ.