ಚನ್ನಮ್ಮನಿಗೂ ರಜೆ ಬೇಕು

ಮರಾಠಿಯ ‘ಅಸ್ತು’ ಚಿತ್ರವನ್ನು ಕಳೆದ ತಿಂಗಳು ಪುಣೆಯ ನಮ್ಮ ಸೊಸೈಟಿಯ ಹಾಲ್‌ನಲ್ಲಿ ತೋರಿಸಿದರು. ಎಪ್ಪತ್ತು ಕುರ್ಚಿ, ಬಾಡಿಗೆಗೆ ತಂದ ಪ್ರೊಜೆಕ್ಟರ್, ನಡುವೆ ಚಹಾ. ಹಿರಿಯ ನಾಗರಿಕರ ಬಳಗ ಏರ್ಪಡಿಸಿದ್ದ ಕಾರ್ಯಕ್ರಮ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಚರ್ಚೆ ನಡೆಯಿತು. ಆ ಚರ್ಚೆಯ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ಕನ್ನಡ ಪತ್ರಿಕೆಗೆ ಬರೆಯಲು ಕಾರಣವೂ ಇದೆ. ಆ ಮರಾಠಿ ಚಿತ್ರದ ಜೀವದಂತಿರುವ ಪಾತ್ರ ಒಬ್ಬ ಕನ್ನಡದ ಹೆಣ್ಣುಮಗಳು.

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಡಾ. ಚಕ್ರಪಾಣಿ ಶಾಸ್ತ್ರಿ ನಿವೃತ್ತ ಸಂಸ್ಕೃತ ಪ್ರಾಧ್ಯಾಪಕರು. ಅಲ್ಜೈಮರ್ ಕಾಯಿಲೆ ಅವರ ನೆನಪನ್ನು ಒಂದೊಂದಾಗಿ ಅಳಿಸುತ್ತಿದೆ. ಮಗಳು ಇರಾ ಅವರನ್ನು ಕಾರಿನಲ್ಲಿ ಕೂರಿಸಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ, ಬೀದಿಯಲ್ಲಿ ಹೊರಟಿದ್ದ ಆನೆಯೊಂದನ್ನು ಕಂಡು ಮಗುವಿನಂತೆ ಅದರ ಹಿಂದೆ ಹೊರಟುಬಿಡುತ್ತಾರೆ. ಮನೆಯವರು ಊರೆಲ್ಲ ಹುಡುಕುತ್ತಾರೆ. ಇತ್ತ ಮಾವುತನ ಹೆಂಡತಿ ಚನ್ನಮ್ಮ ಈ ಗುರುತಿಲ್ಲದ ಮುದುಕನನ್ನು ತನ್ನ ಕೂಸಿನ ಜೊತೆಗೆ ಇನ್ನೊಂದು ಕೂಸು ಎಂಬಂತೆ ನೋಡಿಕೊಳ್ಳುತ್ತಾಳೆ. ಅವರು ಅವಳನ್ನೇ ‘ಆಯಿ’ ಎನ್ನುತ್ತಾರೆ. ಇಷ್ಟೇ ಕಥೆ. ಕೊನೆಯನ್ನು ಹೇಳುವುದಿಲ್ಲ.

ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕಥನಕರ್ ಜೋಡಿ ಪುಣೆಯಲ್ಲೇ ಕೂತು, ದೊಡ್ಡ ಬ್ಯಾನರುಗಳ ಹಂಗಿಲ್ಲದೆ, ಇಂಥ ಚಿತ್ರಗಳನ್ನು ವರ್ಷಗಟ್ಟಲೆ ಮಾಡಿದರು. ಸ್ಕಿಜೋಫ್ರೇನಿಯಾ ಕುರಿತ ‘ದೇವರಾಯಿ’, ಖಿನ್ನತೆ ಕುರಿತ ‘ಕಾಸವ್’ ಅವರವೇ. ಸುಮಿತ್ರಾ ಭಾವೆ 2021ರಲ್ಲಿ ತೀರಿಕೊಂಡರು. ‘ಅಸ್ತು’ 2013ರ ಸಾಲಿನ ಎರಡು ರಾಷ್ಟ್ರಪ್ರಶಸ್ತಿ ಪಡೆಯಿತು. ಒಂದು ಸಂಭಾಷಣೆಗೆ ಸುಮಿತ್ರಾ ಅವರಿಗೆ, ಇನ್ನೊಂದು ಚನ್ನಮ್ಮನಾದ ಅಮೃತಾ ಸುಭಾಷ್‌ಗೆ. ಆದರೂ ಥಿಯೇಟರಿಗೆ ಬಂದದ್ದು 2016ರಲ್ಲಿ. ಶಾಸ್ತ್ರಿಗಳಾಗಿ ನಟಿಸಿದ ಮೋಹನ್ ಆಗಾಶೆ ಸ್ವತಃ ಮನೋವೈದ್ಯರು. ಹಾಗಾಗಿಯೋ ಏನೋ, ಅವರ ನಟನೆಯಲ್ಲಿ ಅಳಿಸುವ ಹಟವಿಲ್ಲ. ಮಾತು ತಪ್ಪಿದ ಕ್ಷಣದಲ್ಲಿ ಅವರ ಕಣ್ಣು ಖಾಲಿಯಾಗುವ ರೀತಿಯನ್ನು ನಾನು ನಮ್ಮ ಮನೆಯಲ್ಲಿ ದಿನವೂ ನೋಡುತ್ತೇನೆ.

ಇನ್ನು ಚರ್ಚೆಗೆ ಬರುತ್ತೇನೆ. ಮೊದಲು ಎದ್ದವರು ನಿವೃತ್ತ ಅಧಿಕಾರಿಯೊಬ್ಬರು. “ಓದಿದ ಮಗಳಿಗೆ ಆಗದ್ದು ಓದದ ಚನ್ನಮ್ಮನಿಗೆ ಆಯಿತು. ಔಷಧಕ್ಕಿಂತ ಪ್ರೀತಿ ದೊಡ್ಡದು” ಎಂದರು. ಜೋರು ಚಪ್ಪಾಳೆ. ಮುಂದೆ ಮಾತಾಡಿದ ನಾಲ್ಕೈದು ಜನ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ಒಬ್ಬರು ಅರ್ಧ ತಮಾಷೆಗೆ, “ಇಂಥ ಚನ್ನಮ್ಮ ಎಲ್ಲಿ ಸಿಗುತ್ತಾಳೆ, ನಂಬರ್ ಇದ್ದರೆ ಕೊಡಿ” ಎಂದರು. ಎಲ್ಲರೂ ನಕ್ಕರು. ನನ್ನ ಪಕ್ಕದ ಸಾಲಿನಲ್ಲಿ ನಾಲ್ವರು ಹೆಂಗಸರು ನಗಲಿಲ್ಲ. ಅವರಲ್ಲಿ ಇಬ್ಬರ ಮನೆಯ ಪರಿಸ್ಥಿತಿ ನನಗೆ ಗೊತ್ತು.

ಚಿತ್ರವನ್ನು ಹಾಗೆ ಓದುವುದು ಇರಾಗೆ ಮಾಡುವ ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಚನ್ನಮ್ಮ ಆ ಮುದುಕನನ್ನು ನೋಡಿಕೊಂಡದ್ದು ಕೆಲವು ಗಂಟೆಗಳ ಕಾಲ. ಇರಾ ನೋಡಿಕೊಂಡದ್ದು ವರ್ಷಗಟ್ಟಲೆ. ಚನ್ನಮ್ಮನಿಗೆ ಸಿಕ್ಕವನು ಮಗುವಿನಂಥ ಒಬ್ಬ ಅಪರಿಚಿತ, ಅವನು ಮೊದಲು ಏನಾಗಿದ್ದ ಎಂಬ ಲೆಕ್ಕ ಅವಳಿಗಿಲ್ಲ. ಇರಾ ಕಳೆದುಕೊಳ್ಳುತ್ತಿರುವುದು ಶ್ಲೋಕ ಹೇಳಿಕೊಟ್ಟ ಅಪ್ಪನನ್ನು. ಅವರು ಎದುರಿಗೇ ಕೂತಿದ್ದಾರೆ, ಆದರೆ ಇಲ್ಲ. ಅವಳ ಸಿಡಿಮಿಡಿ, ದಣಿವು, ಗಂಡನ ಮೇಲೆ ಹಾರಿಬೀಳುವುದು, ಇವೆಲ್ಲ ಪ್ರೀತಿ ಕಮ್ಮಿಯಾದದ್ದರ ಗುರುತಲ್ಲ. ಪ್ರೀತಿಗೆ ವಿಶ್ರಾಂತಿ ಸಿಗದ್ದರ ಗುರುತು. ಇರಾವತಿ ಹರ್ಷೆ ಆ ದಣಿವನ್ನು ಎಷ್ಟು ಸಹಜವಾಗಿ ತೋರಿಸಿದ್ದಾರೆಂದರೆ, ಹಾಲ್‌ನಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಎಲ್ಲರ ಕಣ್ಣೂ ಆನೆ ಮೇಲೆ!

ಕಾಕತಾಳೀಯವೆಂದರೆ, ‘ಅಸ್ತು’ ಥಿಯೇಟರಿಗೆ ಬಂದ ವರ್ಷವೇ ಕನ್ನಡದಲ್ಲಿ ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬಂತು. ಅಲ್ಲಿಯೂ ಅಲ್ಜೈಮರ್ ಇರುವ ತಂದೆ, ಅಲ್ಲಿಯೂ ಹೊರಗೆ ಕರೆದುಕೊಂಡು ಹೋದಾಗ ಕಾಣೆಯಾಗುವುದು, ಮಕ್ಕಳ ಹುಡುಕಾಟ. ಅನಂತ್ ನಾಗ್ ಅವರ ವೆಂಕೋಬ ರಾವ್‌ನನ್ನು ಯಾರು ಮರೆತಾರು? ನನಗೂ ಇಷ್ಟವಾದ ಚಿತ್ರ. ಆದರೆ ವ್ಯತ್ಯಾಸ ನೋಡಿ. ಅಲ್ಲಿ ತಂದೆ ಇರುವುದು ಕೇರ್ ಹೋಮ್‌ನಲ್ಲಿ. ದೂರವಿದ್ದ ಮಗನಿಗೆ ಹುಡುಕಾಟವೇ ಅಪ್ಪನನ್ನು ಅರಿಯುವ ದಾರಿಯಾಗುತ್ತದೆ. ಕಾಯಿಲೆಯ ದಿನಚರಿ, ಅಂದರೆ ಉಣಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಒಂದೇ ಪ್ರಶ್ನೆಗೆ ನಲವತ್ತು ಸಲ ಉತ್ತರ ಕೊಡುವುದು ಬೇರೆಯವರ ಕೆಲಸ. ಮಗನಿಗೆ ಸಿಗುವುದು ಪಶ್ಚಾತ್ತಾಪ, ಮಗಳಿಗೆ ಸಿಗುವುದು ದಿನಚರಿ. ಎರಡೂ ಚಿತ್ರಗಳನ್ನು ಒಂದರ ಹಿಂದೊಂದು ನೋಡಿದರೆ ನಮ್ಮ ಮನೆಗಳಲ್ಲಿ ಈ ಕೆಲಸ ಹೇಗೆ ಹಂಚಿಕೆಯಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ.

ನನ್ನ ಅವ್ವ ಗದಗ ಜಿಲ್ಲೆಯ ಹಳ್ಳಿಯಿಂದ ಪುಣೆಗೆ ಬಂದು ಆರು ವರ್ಷವಾಯಿತು. ಡಿಮೆನ್ಷಿಯಾ ಎಂದು ಗೊತ್ತಾಗಿ ನಾಲ್ಕು ವರ್ಷ. ಬಂದ ಹೊಸದರಲ್ಲಿ ತರಕಾರಿಯವನ ಜೊತೆ ಚೌಕಾಸಿ ಮಾಡುವಷ್ಟು ಮರಾಠಿ ಕಲಿತಿದ್ದಳು. ಕೊನೆಗೆ ಕಲಿತ ಆ ಭಾಷೆಯೇ ಮೊದಲು ಜಾರಿಹೋಯಿತು. ಜ್ಞಾಪಕ ಪರೀಕ್ಷೆಯ ದಿನ ವೈದ್ಯರು ಕೇಳುತ್ತಿದ್ದರು, ನಾನು ಅನುವಾದಿಸುತ್ತಿದ್ದೆ. ಇದು ಯಾವ ಊರು, ಯಾವ ಜಿಲ್ಲೆ, ಈಗ ನಾವಿರುವುದು ಎಷ್ಟನೇ ಮಹಡಿ? ಎಪ್ಪತ್ತು ವರ್ಷ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬಾಳಿದವಳಿಗೆ ಮಹಡಿ ಲೆಕ್ಕ ಇಡುವುದು ಕಾಯಿಲೆ ಇಲ್ಲದಾಗಲೂ ಬರುತ್ತಿರಲಿಲ್ಲ. ವೈದ್ಯರು ಒಳ್ಳೆಯವರು, ಅದನ್ನು ಅರ್ಥಮಾಡಿಕೊಂಡು ಬೇರೆ ಪ್ರಶ್ನೆ ಕೇಳಿದರು. ಆದರೂ ಎಷ್ಟು ಅಂಕ ಮರೆವಿನದು, ಎಷ್ಟು ವಲಸೆಯದು ಎಂದು ಬಿಡಿಸಿ ಹೇಳುವುದು ಸುಲಭವಿರಲಿಲ್ಲ.

ಅವ್ವ ನನ್ನನ್ನು ಈಗ ‘ಯವ್ವಾ’ ಎನ್ನುತ್ತಾಳೆ. ಕೇಳಿದವರು, ಅಯ್ಯೋ, ಮಗಳನ್ನೇ ತಾಯಿ ಅಂದುಕೊಂಡಿದ್ದಾರಲ್ಲ ಎಂದು ಮರುಗುತ್ತಾರೆ. ನಮ್ಮ ಕಡೆ ಮಗಳನ್ನೂ, ಮೊಮ್ಮಗಳನ್ನೂ, ನೀರು ತಂದುಕೊಟ್ಟ ಹುಡುಗಿಯನ್ನೂ ಯವ್ವಾ ಎಂದೇ ಕರೆಯುವುದು. ಹಾಗಾಗಿ ಅವಳ ಮನಸ್ಸಿನಲ್ಲಿ ನಾನು ಯಾರು ಎಂಬುದು ನನಗೆ ಖಚಿತವಿಲ್ಲ. ಖಚಿತವಾಗುವುದು ಬೇಡ ಎಂದೂ ಅನಿಸುತ್ತದೆ.

ಇಷ್ಟಾದರೂ ನಾನು ದಿನವೂ ಆಫೀಸಿಗೆ ಹೋಗುತ್ತೇನೆಂದರೆ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಅವ್ವನ ಜೊತೆ ಇರುವ ಮಾವಶಿಯಿಂದ. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರನ್ನು ಪುಣೆಯಲ್ಲಿ ಕರೆಯುವುದೇ ಹಾಗೆ. ಮೊದಲು ಬ್ಯೂರೋದವರು ಕಳಿಸಿದ ಮೂವರು ಒಳ್ಳೆಯ ಕೆಲಸಗಾರರೇ, ಆದರೆ ಅವ್ವ ನೀರು ಕೇಳಿದರೆ ಅವರಿಗೆ ತಿಳಿಯುತ್ತಿರಲಿಲ್ಲ, ಅವರು ಕೂರಿ ಎಂದರೆ ಅವ್ವನಿಗೆ ತಿಳಿಯುತ್ತಿರಲಿಲ್ಲ. ಅರ್ಥವಾಗದ ಭಾಷೆಯಲ್ಲಿ ಯಾರೋ ಸೀರೆ ಬಿಚ್ಚಲು ಬಂದರೆ ಅವ್ವ ಹೊಡೆಯದೆ ಏನು ಮಾಡಿಯಾಳು? ಈಗಿನವಳು ಅಕ್ಕಲಕೋಟೆ ಕಡೆಯವಳು, ಮನೆಮಾತು ಕನ್ನಡ. ಅವಳು ಬಂದ ವಾರದಲ್ಲೇ ಅವ್ವನ ರಂಪ ಅರ್ಧಕ್ಕಿಳಿಯಿತು. ಗುಳಿಗೆ ಬದಲಾಗಿರಲಿಲ್ಲ. ಬದಲಾದದ್ದು ಭಾಷೆಯೊಂದೇ.

ಹಾಗಾದರೆ ನನಗೊಬ್ಬ ಚನ್ನಮ್ಮ ಸಿಕ್ಕಳು ಎನ್ನಬಹುದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದೀಪಾವಳಿ ಹೊತ್ತಿಗೆ ಒಂದು ದಿನ ಅವಳು ಅವ್ವನಿಗೆ ತಲೆ ಬಾಚುತ್ತಾ ಹೇಳಿದಳು: “ಅಕ್ಕಾರ, ನಮ್ಮತ್ತಿಗೂ ಈಗೀಗ ಹಿಂಗ ಆಗಾಕತ್ತೈತ್ರಿ. ಹೊಲಕ್ಕ ಹೋದಾಕಿ ತಿರಗಿ ಮನಿ ದಾರಿ ಮರ್ತಿದ್ಲಂತ. ದೊಡ್ಡ ಮಗಳು ಸಾಲಿ ಬಿಟ್ಟು ನೋಡ್ಕೊಳ್ಳಾಕತ್ತಾಳ.” ಆ ಹುಡುಗಿಗೆ ಹದಿನಾಲ್ಕು. ನನ್ನ ತಾಯಿಯ ಪಕ್ಕ ಇವಳು ಕೂರಲು, ಇವಳ ಅತ್ತೆಯ ಪಕ್ಕ ಆ ಹುಡುಗಿ ಕೂರಬೇಕು. ಪ್ರೀತಿ ದೊಡ್ಡದು ಎಂದು ಚಪ್ಪಾಳೆ ತಟ್ಟಿದವರಿಗೆ ಆ ಹುಡುಗಿಯ ಲೆಕ್ಕ ಯಾರು ಕೊಡಬೇಕು?

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇದು ಕಾರಿನಲ್ಲಿ ಓಡಾಡುವ ಪ್ರಾಧ್ಯಾಪಕರ ಮನೆಗಳ ಕಾಯಿಲೆ ಮಾತ್ರ ಅಲ್ಲವೆಂದು ಹೇಳಲು ಈ ಲೆಕ್ಕ.

ನನ್ನ ನೌಕರಿ ಆರೋಗ್ಯ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವುದು. ಹಾಗಾಗಿ ಒಂದು ಮಾತು ಅಧಿಕಾರದಿಂದ ಹೇಳಬಲ್ಲೆ. ನಮ್ಮ ವಿಮೆಗೆ ಕಾಯಿಲೆ ಎಂದರೆ ಹಾಸಿಗೆ, ವಾರ್ಡು, ಡಿಸ್ಚಾರ್ಜ್ ಸಮ್ಮರಿ. ಸಾಮಾನ್ಯ ಪಾಲಿಸಿಗಳಲ್ಲಿ, ಪಟ್ಟಿಯಲ್ಲಿರುವ ಕೆಲವು ಚಿಕಿತ್ಸೆ ಬಿಟ್ಟರೆ, ಕನಿಷ್ಠ 24 ಗಂಟೆ ದಾಖಲಾಗಿರಬೇಕು. ಅವ್ವ ಬಿದ್ದು ಸೊಂಟ ಮುರಿದುಕೊಂಡರೆ ಲಕ್ಷಗಟ್ಟಲೆ ಹಣ ಬರುತ್ತದೆ. ಬೀಳದಂತೆ ನೋಡಿಕೊಳ್ಳುವ ಮಾವಶಿಯ ಪಗಾರಕ್ಕೆ ಒಂದು ರೂಪಾಯಿ ಬರುವುದಿಲ್ಲ. 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಕೊಟ್ಟರು. ಒಳ್ಳೆಯದೇ. ಅದೂ ಆಸ್ಪತ್ರೆ ಸೇರಿದವರಿಗೆ. ರಜೆಯ ಮಾತೂ ಹಾಗೆಯೇ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆ ಸೇವಾವಧಿಯಲ್ಲಿ 730 ದಿನ ರಜೆ ಇದೆ. ತಂದೆತಾಯಿಯ ಆರೈಕೆಗೆ ಅಂಥ ಪ್ರತ್ಯೇಕ ರಜೆ ಇಲ್ಲ. ಖಾಸಗಿ ಕಂಪನಿಗಳ ಮಾತು ಎತ್ತದಿರುವುದೇ ಲೇಸು. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಇದಕ್ಕೊಂದು ಕಲಮಿದೆ. ಕಾಯಿಲೆ ನಿಗದಿತ ಪ್ರಮಾಣ ಮೀರಿದ್ದರೆ, ತಜ್ಞ ವೈದ್ಯರ ಪತ್ರವಿದ್ದರೆ, ಹಿರಿಯರ ಡಿಮೆನ್ಷಿಯಾ ಚಿಕಿತ್ಸೆಯ ಖರ್ಚಿಗೆ 1 ಲಕ್ಷದವರೆಗೆ ವಿನಾಯಿತಿ. ನನಗೆ ಗೊತ್ತಿರುವ ಮನೆಗಳಲ್ಲಿ ಅರ್ಧಕ್ಕರ್ಧ ಜನ ಇದನ್ನು ಕೇಳಿಯೇ ಇರಲಿಲ್ಲ. ಚರ್ಚೆಯಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ಆ ನಾಲ್ವರು ಹೆಂಗಸರಿಗೆ ಚಪ್ಪಾಳೆಗಿಂತ ಹೆಚ್ಚು ಉಪಯೋಗವಾಗುತ್ತಿತ್ತು.

ಸರ್ಕಾರದ ಮಾತು ಸಾಕು, ನಮ್ಮವರ ಮಾತಿಗೆ ಬರೋಣ. ಹೊರನಾಡಿನ ನಮ್ಮ ಕನ್ನಡದ ಕೂಟಗಳು ಕಟ್ಟಿದ್ದು ನಲವತ್ತು, ಐವತ್ತು ವರ್ಷದ ಹಿಂದೆ, ಹರೆಯದಲ್ಲಿ ನೌಕರಿಗೆ ಬಂದವರು. ಈಗ ಅವರಿಗೆ ಎಪ್ಪತ್ತು. ಅವರ ಮಕ್ಕಳು ಬೆಂಗಳೂರಿನಿಂದ, ಬೆಳಗಾವಿಯಿಂದ ಅಪ್ಪ-ಅಮ್ಮನನ್ನು ಇಲ್ಲಿಗೆ ಕರೆತರುವ ವಯಸ್ಸಿನವರು ಬೇರೆ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬೇಡ ಎನ್ನುತ್ತಿಲ್ಲ, ನಾನೂ ಮುಂದಿನ ಸಾಲಿನಲ್ಲೇ ಕೂರುವವಳು. ಅದರ ಜೊತೆಗೆ ವರ್ಷಕ್ಕೆರಡು ಸಲ ಇಂಥ ಒಂದು ಚಿತ್ರ, ನಂತರ ಭಾಷಣವಿಲ್ಲದ ಒಂದು ಗಂಟೆಯ ಮಾತು ಇರಲಿ. ಕನ್ನಡ ಬಲ್ಲ ವೈದ್ಯರ, ಕನ್ನಡ ಬಲ್ಲ ಮಾವಶಿಯರ ಒಂದು ಪಟ್ಟಿ ಇರಲಿ. ಪುಣೆಯ ಕಟ್ಟಡಗಳನ್ನು ಕಟ್ಟುತ್ತಿರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಎಷ್ಟೋ ಜನ. ಅವರ ಮನೆಯ ಹೆಂಗಸರಿಗೆ ಈ ಕೆಲಸದಲ್ಲಿ ತರಬೇತಿ, ನ್ಯಾಯವಾದ ಪಗಾರ, ವಾರದ ರಜೆ ಸಿಗುವಂತೆ ಒಂದು ಸಂಘ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಇನ್ನೊಂದು ಸಣ್ಣ ಸೂಚನೆ. ಚಿತ್ರ ತೋರಿಸುವ ದಿನ ಪಕ್ಕದ ಕೋಣೆಯಲ್ಲಿ ನಾಲ್ಕು ಚಾಪೆ ಹಾಸಿ, ಇಬ್ಬರು ಸ್ವಯಂಸೇವಕರನ್ನು ಕೂರಿಸಿ. ನಮ್ಮ ಹಾಲ್‌ನಲ್ಲಿ ಅಂದು ಕೂತಿದ್ದವರಲ್ಲಿ ಹೆಚ್ಚಿನವರು ನೋಡಿಕೊಳ್ಳುವವರಲ್ಲ. ನೋಡಿಕೊಳ್ಳುವವರು ಮನೆಯಲ್ಲಿದ್ದರು, ಏಳಲು ಆಗದೆ.

ನಮ್ಮ ಮನೆಯ ವ್ಯವಸ್ಥೆ ಕೇಳುವವರಿಗೆ: ಮಾವಶಿ ಈಗ ತಿಂಗಳಿಗೆ ಎಂಟು ದಿನ ಅಕ್ಕಲಕೋಟೆಗೆ ಹೋಗುತ್ತಾಳೆ, ಪಗಾರ ಹಿಡಿಯುವುದಿಲ್ಲ. ಆ ಎಂಟು ದಿನ ನನ್ನ ತಮ್ಮ ಹುಬ್ಬಳ್ಳಿಯಿಂದ ಬಂದಿರುತ್ತಾನೆ. ಮೊದಲ ಸಲ ಅವ್ವನಿಗೆ ಉಣಿಸಲು ಅವನಿಗೆ ಒಂದೂವರೆ ತಾಸು ಹಿಡಿಯಿತು, ಈಗ ಅರ್ಧ ತಾಸು. ಅವನ ಕಂಪನಿಯವರು ಅದನ್ನು ರಜೆ ಎಂದು ಕೊಡಲಿಲ್ಲ, ಮನೆಯಿಂದ ಕೆಲಸ ಎಂದು ಬರೆದುಕೊಂಡಿದ್ದಾರೆ. ಮಾವಶಿಯ ಮಗಳು ಜೂನ್‌ನಲ್ಲಿ ಮತ್ತೆ ಒಂಬತ್ತನೆಯ ತರಗತಿಗೆ ಸೇರಬೇಕು. ಅಷ್ಟರಲ್ಲಿ ಅವರ ಅತ್ತೆಯನ್ನು ಉಳಿದ ಇಪ್ಪತ್ತೆರಡು ದಿನ ನೋಡಿಕೊಳ್ಳುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.