ಸೂಜಿ ಬೇಡ, ಬೆರಳು ಸಾಕು

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಓದಿದ ಮೇಲೆ ನಮ್ಮ ಅಗ್ರಹಾರದ ಬೀದಿಗಳಲ್ಲೇ ಒಂದಿಬ್ಬರು ನನ್ನ ಕಂಡರೆ ಮುಖ ತಿರುಗಿಸಬಹುದು. ತಿರುಗಿಸಲಿ. ಎರಡು ಭಾನುವಾರ ಕ್ಲಾಸಿಗೆ ಹೋಗಿ, ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ, ಮೂರನೇ ಭಾನುವಾರದಿಂದ ಅಕ್ಕಪಕ್ಕದವರ ಮಂಡಿಗೆ ಸೂಜಿ ಚುಚ್ಚೋದನ್ನ ನಿಲ್ಲಿಸ್ರೀ ಅಂತ ಹೇಳೋದಕ್ಕೇ ಬರೀತಿದೀನಿ. ಅಕ್ಯುಪಂಕ್ಚರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದು ಮನೆವಿದ್ಯೆ ಅಲ್ಲ ಅಂತ ಹೇಳ್ತಿದೀನಿ. ಎರಡಕ್ಕೂ ವ್ಯತ್ಯಾಸ ಇದೆ.

ಭಜನೆ ಗ್ರೂಪಿಗೆ ಬಂದಿದ್ದ ಮೆಸೇಜು ನೀವೂ ನೋಡಿರ್ತೀರಿ. "ಗೃಹಿಣಿಯರೇ, ಮನೆಯಲ್ಲೇ ಕೂತು ಸಂಪಾದಿಸಿ, ಸೇವೆಯೂ ಆಯಿತು." ನಮ್ಮ ನಡುಮನೆ ದೊಡ್ಡದು ಅಂತ ಕ್ಲಾಸಿಗೆ ಜಾಗ ಕೊಡಿ ಅಂತಲೂ ಕೇಳಿದ್ರು. ನಾನು ಆಗಲ್ಲ ಅಂದೆ. ಅವತ್ತಿಂದ "ಇವಳಿಗೇನೋ ಹೊಟ್ಟೆಕಿಚ್ಚು", "ಚೀನಾದ್ದು ಅಂತ ಮಡಿ ಮಾಡ್ತಾಳೆ" ಅಂತ ಮಾತು ಬೆಳೆದಿದೆ. ಅದಕ್ಕೇ ಒಂದೊಂದಾಗಿ ಉತ್ತರ ಕೊಡ್ತೀನಿ.

ಚೀನಾದ್ದು ಅನ್ನೋ ಮಡಿ ನನಗಿಲ್ಲ. ಈ ವಿದ್ಯೆ ನಮ್ಮ ದೇಶಕ್ಕೆ ಬಂದ ಕಥೆಯೇ ಒಳ್ಳೇ ಕಥೆ. ಚೀನಾ ಮೇಲೆ ಜಪಾನು ದಂಡೆತ್ತಿ ಹೋಗಿದ್ದಾಗ, 1938ರಲ್ಲಿ, ಕಾಂಗ್ರೆಸ್ಸು ಐದು ಜನ ಡಾಕ್ಟರುಗಳನ್ನ ಅಲ್ಲಿಗೆ ಕಳಿಸ್ತು. ಅದರಲ್ಲಿ ಒಬ್ಬರು ದ್ವಾರಕಾನಾಥ ಕೋಟ್ನಿಸ್. ನಮ್ಮ ಗಡಿಯಾಚೆಯ ಸೊಲ್ಲಾಪುರದವರು, ಈಗಲೂ ಸಂತೆಯಲ್ಲಿ ಕನ್ನಡ ಕಿವಿಗೆ ಬೀಳೋ ಊರು. ಅವರು ಅಲ್ಲೇ ಗಾಯಾಳುಗಳ ಸೇವೆ ಮಾಡ್ತಾ 1942ರಲ್ಲಿ ತೀರಿಕೊಂಡರು. ಶಾಂತಾರಾಂ ಅವರ ಮೇಲೆ ಸಿನಿಮಾನೂ ತೆಗೆದರು. ಕೋಟ್ನಿಸರ ಹೆಸರಲ್ಲಿ ಲೂಧಿಯಾನದಲ್ಲಿ ಅಕ್ಯುಪಂಕ್ಚರ್ ಆಸ್ಪತ್ರೆ ಇರೋದರಿಂದ ಅವರೇ ಸೂಜಿ ತಂದವರು ಅಂದುಕೊಂಡವರು ತುಂಬಾ ಜನ. ಆದರೆ ತಂದವರು ಆ ಐವರಲ್ಲೇ ಇನ್ನೊಬ್ಬರು, ಬಿಜಯ್ ಕುಮಾರ್ ಬಸು. 1950ರ ದಶಕದ ಕೊನೆಯಲ್ಲಿ ಅವರು ಮತ್ತೆ ಚೀನಾಕ್ಕೆ ಹೋದರು, ಸೂಜಿ ವಿದ್ಯೆ ಕಲಿತರು, ವಾಪಸ್ ಬಂದು ಕಲ್ಕತ್ತೆಯಲ್ಲಿ ಶುರುಮಾಡಿದರು.

ಇಲ್ಲಿ ಒಂದು ಕ್ಷಣ ನಿಂತು ನೋಡಿ. ಬಸು ಅವರು ಆಗಲೇ ಡಾಕ್ಟರು. ಯುದ್ಧಭೂಮಿಯಲ್ಲಿ ಕೆಲಸ ಮಾಡಿದ್ದ ಡಾಕ್ಟರು. ಅಂಥವರೇ ಇನ್ನೊಂದು ದೇಶಕ್ಕೆ ಹೋಗಿ ಶಿಷ್ಯರಾಗಿ ಕೂತು ಕಲಿತರು. ನಾವು ಶನಿವಾರ ದೋಸೆಹಿಟ್ಟು ರುಬ್ಬಿಟ್ಟು ಭಾನುವಾರ ಹೋಗಿ ಕಲಿತುಬಿಡ್ತೀವಿ!

ಕಲಿಯೋದು ಅಂದ್ರೆ ಏನು ಅಂತ ಲೆಕ್ಕ ಹಾಕೋಣ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಅಕ್ಯುಪಂಕ್ಚರ್ ತರಬೇತಿಗೆ ಒಂದು ಮಾರ್ಗಸೂಚಿ ಹೊರಡಿಸ್ತು. ಡಾಕ್ಟರಲ್ಲದವರು ಈ ಕೆಲಸಕ್ಕೆ ಇಳೀಬೇಕಾದ್ರೆ 2500 ಗಂಟೆ ಕಲಿಕೆ, ಅದರಲ್ಲಿ ಕಡೇಪಕ್ಷ 1000 ಗಂಟೆ ಕೈಯಾರೆ ಮಾಡಿ ಕಲಿಯೋದು ಅಂತ ಅದರಲ್ಲಿದೆ. ದಿನಕ್ಕೆ ಎರಡು ಗಂಟೆ ಅಂದ್ರೆ ಮೂರು ವರ್ಷದ ಮೇಲಾಯ್ತು. ಎಂಬಿಬಿಎಸ್ ಮಾಡಿದ ಡಾಕ್ಟರು ತನ್ನ ಕೆಲಸದ ಜೊತೆಗೆ ಸ್ವಲ್ಪ ಮಟ್ಟಿಗೆ ಬಳಸ್ತೀನಿ ಅಂದ್ರೂ 200 ಗಂಟೆ. ಎರಡು ಭಾನುವಾರ, ದಿನಕ್ಕೆ ಆರು ಗಂಟೆ, ಊಟದ ಬಿಡುವೂ ಸೇರಿ ಹನ್ನೆರಡು ಗಂಟೆ. ಡಾಕ್ಟರಿಗೆ ಬೇಕಾದ್ದರಲ್ಲಿ ಹದಿನಾರನೇ ಒಂದು ಪಾಲೂ ಇಲ್ಲ.

ಕಲಿಯಬೇಕಾದ್ದು ಅಷ್ಟಿದೆಯಾ ಅಂತೀರಾ? ಇದೆ. ಹಳೇ ಪದ್ಧತಿಯಲ್ಲಿ ಮೈಮೇಲೆ 361 ಬಿಂದುಗಳು, ಅವನ್ನ ಸೇರಿಸೋ 14 ದಾರಿಗಳು. ಚುಕ್ಕಿ ರಂಗೋಲಿ ಇದ್ದ ಹಾಗೆ ಅಂತ ಕ್ಲಾಸಲ್ಲಿ ಹೇಳಿಕೊಟ್ಟರಂತೆ. ಹೋಲಿಕೆ ಚೆನ್ನಾಗಿದೆ, ಆದರೆ ರಂಗೋಲಿ ತಪ್ಪಿದ್ರೆ ಒಂದು ಚೊಂಬು ನೀರಲ್ಲಿ ಹೋಗತ್ತೆ. ಅಳತೆಯ ವಿಷಯವೂ ನೋಡಿ. ಅವರ ಅಳತೆ ಹೆಬ್ಬೆರಳಿನ ಅಗಲ, ಅದೂ ಕಾಯಿಲೆಯವರ ಹೆಬ್ಬೆರಳು, ಚುಚ್ಚೋರದ್ದಲ್ಲ. ಹೂವಿನವಳು ತನ್ನ ಮೊಳದಲ್ಲಿ ಅಳೆದಾಗ ನಾವು ಜಗಳ ಆಡ್ತೀವಿ. ಕಳ್ಕೊಳ್ಳೋದು ನಾಲ್ಕು ಮೊಗ್ಗು. ಇಲ್ಲಿ ಅಳತೆ ತಪ್ಪಿದ್ರೆ?

ಭುಜದ ಮೇಲಿನ ಜಾಗ ತಗೊಳ್ಳಿ. ಕುತ್ತಿಗೆಗೂ ಭುಜದ ತುದಿಗೂ ನಡುವೆ, ನಮಗೆಲ್ಲ ಗಂಟು ಹಿಡ್ಕೊಳ್ಳೋ ಜಾಗ. "ಅಲ್ಲೇ ಚುಚ್ಚಿ" ಅಂತ ಎಲ್ಲರೂ ತೋರಿಸೋದೂ ಅಲ್ಲೇ. ಅದರ ಕೆಳಗೇ ಶ್ವಾಸಕೋಶದ ತುದಿ. ಸಣಕಲು ಮೈಯವರಿಗೆ ನಡುವೆ ಇರೋ ಮಾಂಸ ಬಹಳ ಕಮ್ಮಿ. ಸೂಜಿ ಆಳ ಹೋದ್ರೆ ಶ್ವಾಸಕೋಶಕ್ಕೆ ತೂತು ಬಿದ್ದು, ಗಾಳಿ ಸುತ್ತ ಸೋರಿ, ಅದು ಮುದುಡಿಕೊಳ್ಳತ್ತೆ. ಕಲಿತ ಕೈಗಳಲ್ಲೇ ಅಪರೂಪಕ್ಕೆ ಆಗಿರೋದು ಇದೆ. ಎದೆನೋವು, ಉಸಿರು ಕಟ್ಟೋದು ಕೆಲವು ಸಲ ಗಂಟೆಗಟ್ಟಲೆ ಆದ ಮೇಲೆ ಬರತ್ತೆ. ಅಷ್ಟು ಹೊತ್ತಿಗೆ ನಾವು ಮನೆಗೆ ಬಂದಿರ್ತೀವಿ, ಗ್ಯಾಸು ಅಂತ ಜೀರಿಗೆ ಕಷಾಯ ಕುಡಿಸ್ತಾ ಕೂತಿರ್ತೀವಿ.

ಬಸುರಿಯರಿಗೆ ಚುಚ್ಚಬಾರದು ಅಂತ ಆ ಶಾಸ್ತ್ರವೇ ಹೇಳೋ ಜಾಗಗಳಿವೆ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು, ಒಳಪಾದದ ಗೆಣ್ಣಿನಿಂದ ನಾಲ್ಕು ಬೆರಳು ಮೇಲೆ ಒಂದು. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರಿಗೆ ಹುಷಾರು. ಏಕಾದಶಿ ಉಪವಾಸದಲ್ಲಿ ಬರಿಹೊಟ್ಟೆಯಲ್ಲಿ ಕೂರಿಸಿ ಚುಚ್ಚಿದ್ರೆ ತಲೆತಿರುಗಿ ಬೀಳೋದುಂಟು. ಸೂಜಿ ಒಂದು ಸಲಕ್ಕೆ ಒಂದು, ಆಮೇಲೆ ಬಿಸಾಡಬೇಕು. "ಸ್ಪಿರಿಟ್ಟಲ್ಲಿ ಒರೆಸಿ ಇಟ್ಕೊತೀನಿ" ಅನ್ನೋರಿಗೆ ಹೇಳ್ತೀನಿ, ಕಾಮಾಲೆ ತರೋ ಹೆಪಟೈಟಿಸ್ ಬಿ ವೈರಸ್ಸು ಮೈಯಿಂದ ಹೊರಗೆ ಬಿದ್ದ ಮೇಲೂ ಏಳು ದಿನ ಬದುಕಿರತ್ತೆ. ಇನ್ನು ಬಿಸಾಡೋದು ಎಲ್ಲಿಗೆ? ಆಸ್ಪತ್ರೆಗಳಲ್ಲಿ ಸೂಜಿಗೆ ಚುಚ್ಚದ ಹಾಗಿರೋ ಗಟ್ಟಿ ಡಬ್ಬ ಇಡಬೇಕು ಅಂತ ನಿಯಮ ಇದೆ. ನಮ್ಮನೆಯಲ್ಲಿ ಅದು ತರಕಾರಿ ಸಿಪ್ಪೆ ಜೊತೆ ಹೋಗತ್ತೆ. ಬೆಳಿಗ್ಗೆ ಆರೂವರೆಗೆ ಸೀಟಿ ಊದ್ಕೊಂಡು ಬರೋ ಪೌರಕಾರ್ಮಿಕರ ಕೈಗೆ ಅದು ಚುಚ್ಚಿದ್ರೆ ಆ ಪುಣ್ಯ ಯಾವ ಸೇವೆಯ ಖಾತೆಗೆ ಬರ್ಕೋತೀರಿ?

ಈಗ ನೀವು ಕೊಡೋ ಉತ್ತರಗಳಿಗೆ ಬರ್ತೀನಿ.

"ಸರ್ಕಾರವೇ ಒಪ್ಪಿದೆಯಲ್ಲ?" ಒಪ್ಪಿದೆ. ಕೇಂದ್ರ ಸರ್ಕಾರ 2003ರಲ್ಲಿ ಇದನ್ನ ಒಂದು ಚಿಕಿತ್ಸಾ ವಿಧಾನ ಅಂತ, 2019ರಲ್ಲಿ ಸ್ವತಂತ್ರ ಪದ್ಧತಿ ಅಂತ ಮಾನ್ಯ ಮಾಡ್ತು. ಪಶ್ಚಿಮ ಬಂಗಾಳದಲ್ಲಿ, ಪಕ್ಕದ ಮಹಾರಾಷ್ಟ್ರದಲ್ಲಿ ಇದಕ್ಕೇ ಅಂತ ಕಾಯ್ದೆ ಇದೆ. ನಮ್ಮಲ್ಲಿ ಉಜಿರೆಯ ಕಾಲೇಜಲ್ಲಾಗಲಿ, ಮೈಸೂರಿನ ಸರ್ಕಾರಿ ಪ್ರಕೃತಿ ಚಿಕಿತ್ಸಾ ಕಾಲೇಜಲ್ಲಾಗಲಿ ಹುಡುಗೀರು ಐದೂವರೆ ವರ್ಷ ಓದ್ತಾರಲ್ಲ, ಬಿಎನ್‌ವೈಎಸ್ ಅಂತ, ಅದರ ಪಾಠದಲ್ಲಿ ಅಕ್ಯುಪಂಕ್ಚರೂ ಇದೆ. ಅವರು ಹೆಣ ಕೊಯ್ದು ನೋಡಿ, ನರ ಎಲ್ಲಿ, ಶ್ವಾಸಕೋಶ ಎಲ್ಲಿ ಅಂತ ತಿಳ್ಕೊಂಡು ಆಮೇಲೆ ಸೂಜಿ ಹಿಡೀತಾರೆ. ಸರ್ಕಾರ ಒಪ್ಪಿರೋದು ವಿದ್ಯೆಯನ್ನ. ನಿಮ್ಮ ಫ್ರೇಮನ್ನಲ್ಲ.

"ನಮ್ಮಜ್ಜಿ ಯಾವ ಸರ್ಟಿಫಿಕೇಟ್ ಇಟ್ಕೊಂಡು ಬಾಣಂತನ ಮಾಡಿದ್ರು?" ಈ ಮಾತು ಬಂದೇ ಬರತ್ತೆ. ಸೂಲಗಿತ್ತಿ ಅಜ್ಜಿ ಹತ್ತು ವರ್ಷ ತನ್ನಮ್ಮನ ಹಿಂದೆ ಬಿಸಿನೀರು ಹೊತ್ತು, ನೋಡಿ ನೋಡಿ ಕಲಿತಿದ್ದರು. ಮಗುವಿಗೆ ಕಿವಿ ಚುಚ್ಚಿಸೋಕೆ ನಾವು ಯಾರ ಹತ್ರ ಹೋಗ್ತೀವಿ? ಸಾವಿರ ಕಿವಿ ಚುಚ್ಚಿರೋ ಆಚಾರಿ ಹತ್ರ. ಹಾಲೆಯಲ್ಲಿ ಒಂದು ತೂತಿಗೇ ಅಷ್ಟು ನೋಡೋರು, ಅಮ್ಮನ ಬೆನ್ನು ತೋರಿಸೋವಾಗ ಯಾಕೆ ನೋಡಲ್ಲ? ಅಜ್ಜಿಯರ ಹತ್ರ ಕಾಗದ ಇರಲಿಲ್ಲ, ಕಲಿಕೆ ಇತ್ತು. ಈಗಿನ ಕ್ಲಾಸಲ್ಲಿ ಕಾಗದ ಇದೆ.

"ಚೀನಾದಲ್ಲಿ ಹಳ್ಳಿಯವರೂ ಚುಚ್ಚುತಿದ್ದರಲ್ಲ?" ಹೌದು, ಮಾವೋ ಕಾಲದಲ್ಲಿ ಬರಿಗಾಲ ವೈದ್ಯರು ಅಂತಿದ್ದರು, ಕೆಲವು ತಿಂಗಳ ತರಬೇತಿ. ಡಾಕ್ಟರೇ ಇಲ್ಲದ ಹಳ್ಳಿಗಳಿಗೆ ಅವರನ್ನ ಇಟ್ಟದ್ದು. ನಮ್ಮ ಅಗ್ರಹಾರದಿಂದ ದೊಡ್ಡಾಸ್ಪತ್ರೆಗೆ ಆಟೋದಲ್ಲಿ ಎಷ್ಟು ಹೊತ್ತು ಹೇಳಿ?

"ದುಡ್ಡು ತಗೊಳ್ಳಲ್ಲ, ಸೇವೆ ಮಾಡ್ತೀವಿ." ಇದಕ್ಕೆ ನಾನು ನಮ್ಮನೆ ಮಾತು ಹೇಳಲೇಬೇಕು. ನನ್ನ ಓರಗಿತ್ತಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲು ಉರಿ ಅಂತ ಪರಿಚಯದವರೊಬ್ಬರ ಹತ್ರ ಸೂಜಿ ಹಾಕಿಸ್ಕೊಂಡಳು. ಅವರೂ ಕ್ಲಾಸಲ್ಲಿ ಕಲಿತವರೇ, ಒಳ್ಳೇ ಮನಸ್ಸಿನವರೇ, ಒಂದು ಪೈಸೆ ಮುಟ್ಟಲಿಲ್ಲ. "ಸೂಜಿ ನಡೀವಾಗ ಇಂಗ್ಲಿಷ್ ಮಾತ್ರೆ ಬೇಡ, ಶಕ್ತಿ ಓಡಾಡೋದಕ್ಕೆ ಅಡ್ಡಿ" ಅಂದ್ರು. ಇವಳು ಮನೆಯಲ್ಲಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. ಸಕ್ಕರೆ ಕಾಯಿಲೆಯಲ್ಲಿ ಪಾದಕ್ಕೆ ಸ್ಪರ್ಶ ಕಮ್ಮಿ ಆಗಿರತ್ತೆ, ಚುಚ್ಚಿದ ಜಾಗ ಕೀವಾಗಿದ್ದು ಅವಳಿಗೆ ತಿಳೀಲಿಲ್ಲ. ಮೊದಲು ವಾಸನೆ ಗೊತ್ತಾಗಿದ್ದು ಅವಳ ಮಗಳಿಗೆ. ಹನ್ನೊಂದು ದಿನ ಆಸ್ಪತ್ರೆ, ಬಲಗಾಲಿನ ಕಿರುಬೆರಳು ಹೋಯ್ತು. ಪುಣ್ಯ, ಪಾದ ಉಳೀತು. ಸೇವೆ ಮಾಡಿದವರು ಹಣ್ಣು ತಗೊಂಡು ನೋಡೋಕೆ ಬಂದಿದ್ದರು, ಕಣ್ಣಲ್ಲಿ ನೀರು ಹಾಕ್ಕೊಂಡರು. ನಾನು ಅವರನ್ನ ಬೈಯಲಿಲ್ಲ. ಹನ್ನೆರಡು ಗಂಟೆಯಲ್ಲಿ ಅವರಿಗೆ ಸಕ್ಕರೆ ಕಾಯಿಲೆಯ ಪಾದದ ಬಗ್ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡದೆ ಕೈಗೆ ಸೂಜಿ ಕೊಟ್ಟರಲ್ಲ, ನನ್ನ ಸಿಟ್ಟು ಅವರ ಮೇಲೆ.

ಆದರೂ ನಮ್ಮವರು ಯಾಕೆ ಹೋಗ್ತಾರೆ ಅಂತ ಕೇಳ್ಕೊಂಡಿದೀರಾ? ನನ್ನ ಓರಗಿತ್ತಿಯನ್ನೇ ಕೇಳಿದೆ. ಅವಳು ಹೇಳಿದ್ದು, "ಡಾಕ್ಟರು ಮೂರು ನಿಮಿಷ ನೋಡ್ತಾರೆ ಅಕ್ಕಾ. ಇವರು ಮುಕ್ಕಾಲು ಗಂಟೆ ನನ್ನ ಕಾಲು ಹಿಡ್ಕೊಂಡು ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದ್ರು." ಇದರಲ್ಲೇ ಎಲ್ಲಾ ಇದೆ ನೋಡಿ. ಮನೆಯಲ್ಲಿ ನಮ್ಮ ಸೊಂಟನೋವು ಯಾರ ಕಿವಿಗೂ ಬೀಳಲ್ಲ. "ವಯಸ್ಸಾಯ್ತಲ್ಲ" ಅಂತಾರೆ, ಟಿವಿ ನೋಡ್ತಾರೆ.

ಜರ್ಮನಿಯಲ್ಲಿ ಹಳೇ ಸೊಂಟನೋವಿನ 1162 ಜನರ ಮೇಲೆ ಒಂದು ದೊಡ್ಡ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಶಾಸ್ತ್ರದ ಪ್ರಕಾರ ಸೂಜಿ. ಇನ್ನೊಂದು ಗುಂಪಿಗೆ ಬಿಂದು ಅಲ್ಲದ ಜಾಗದಲ್ಲಿ ಸುಮ್ಮನೆ ಮೇಲ್ಮೇಲೆ ಸೂಜಿ. ಮೂರನೆಯವರಿಗೆ ಮಾಮೂಲಿ ಮಾತ್ರೆ, ವ್ಯಾಯಾಮ. ಆರು ತಿಂಗಳ ಮೇಲೆ ನೋಡಿದ್ರೆ ಶಾಸ್ತ್ರದ ಸೂಜಿಯಲ್ಲಿ ನೂರಕ್ಕೆ 47 ಜನಕ್ಕೆ ವಾಸಿ ಕಂಡಿತ್ತು, ಸುಳ್ಳು ಸೂಜಿಯಲ್ಲಿ 44, ಮಾಮೂಲಿ ಚಿಕಿತ್ಸೆಯಲ್ಲಿ ಬರೀ 27. ನನಗೆ ಇದರಲ್ಲಿ ಕಾಣೋದು ಇಷ್ಟು: ಸೂಜಿಯವರ ಹತ್ರ ಹೋದೋರಿಗೆ ಹಾಯೆನಿಸೋದು ಸುಳ್ಳಲ್ಲ. ಆದರೆ ಆ ಹಾಯಿಯಲ್ಲಿ ದೊಡ್ಡ ಪಾಲು ಬಿಂದುವಿಂದ ಬಂದದ್ದಲ್ಲ. ಅರ್ಧ ಗಂಟೆ ಮಲಗಿಸಿ, ಮುಟ್ಟಿ, ಗಮನ ಕೊಟ್ಟು ನೋಡಿದ್ದರಿಂದ, ವಾಸಿಯಾಗತ್ತೆ ಅನ್ನೋ ನಂಬಿಕೆಯಿಂದ ಬಂದದ್ದು. ಅಪಾಯ ಮಾತ್ರ ಪೂರ್ತಿ ಸೂಜಿಯದ್ದೇ.

ಹಾಗಾದ್ರೆ ಒಳ್ಳೇದರಲ್ಲಿ ಬಹುಪಾಲು ಸೂಜಿ ಇಲ್ದೆ ಕೊಡಬಹುದಲ್ಲ? ಅದು ನಮ್ಮ ಕೈಲಾಗೋ ಕೆಲಸ. ಎಳ್ಳೆಣ್ಣೆ ಬಿಸಿಮಾಡಿ ಅತ್ತೆ ಕಾಲು ತಿಕ್ಕಿ, ಅವರು ಹೇಳೋದನ್ನ ಅರ್ಧ ಗಂಟೆ ಅಡ್ಡ ಬಾಯಿ ಹಾಕದೆ ಕೇಳಿ. ಒತ್ತೋದು ಕಲೀರಿ. ಮಣಿಕಟ್ಟಿನ ಗೆರೆಯಿಂದ ಕಾಯಿಲೆಯವರದ್ದೇ ಮೂರು ಬೆರಳು ಮೇಲೆ, ಎರಡು ನರದಂಥ ಹುರಿಗಳ ನಡುವೆ ಒಂದು ಜಾಗ ಇದೆ. ಆಪರೇಷನ್ ಆದ ಮೇಲಿನ ವಾಕರಿಕೆಗೆ ಅದು ಸಹಾಯ ಮಾಡತ್ತೆ ಅಂತ ಬೇಕಾದಷ್ಟು ಪರೀಕ್ಷೆ ಆಗಿದೆ, ಸೂಜಿ ಹಾಕಿದ್ರೂ ಸುಮ್ಮನೆ ಒತ್ತಿದ್ರೂ ಫಲದಲ್ಲಿ ಹೆಚ್ಚುಕಮ್ಮಿ ಕಂಡಿಲ್ಲ. ಮಡಿಕೇರಿ ಘಾಟಿಯಲ್ಲಿ ಮಕ್ಕಳಿಗೆ ಹೊಟ್ಟೆ ತೊಳೆಸಿದಾಗಲೂ ಎರಡು ಮೂರು ನಿಮಿಷ ಒತ್ತಿ ನೋಡಿ. ಕೆಲಸ ಮಾಡದಿದ್ರೆ ನಷ್ಟ ಏನಿಲ್ಲ, ಕವರ್ ಹೇಗೂ ಚೀಲದಲ್ಲಿರತ್ತೆ.

ಸೂಜಿಯೇ ಹಾಕಿಸಬೇಕು ಅನಿಸಿದ್ರೆ ಹೋಗಿ, ನಾನು ತಡೆಯಲ್ಲ. ಹೋಗೋ ಮುಂಚೆ ನಾಲ್ಕು ಮಾತು ಕೇಳಿ. ಎಲ್ಲಿ, ಎಷ್ಟು ವರ್ಷ ಓದಿದ್ರಿ? ಸೂಜಿ ಪೊಟ್ಟಣ ನನ್ನೆದುರಿಗೇ ಒಡೀತೀರಾ? ನಾನು ತಗೊಳ್ಳೋ ಮಾತ್ರೆಗಳ ಪಟ್ಟಿ ನೋಡ್ತೀರಾ? ಏನಾದರೂ ಹೆಚ್ಚುಕಮ್ಮಿ ಆದ್ರೆ ಏನು ಮಾಡ್ತೀರಿ? ಕೇಳೋದಕ್ಕೆ ಸಂಕೋಚ ಬೇಡ. ಬದನೆಕಾಯಿ ಹುಳುಕಾ ಅಂತ ದೇವರಾಜ ಮಾರ್ಕೆಟ್ಟಲ್ಲಿ ಒಂದೊಂದೂ ತಿರುಗಿಸಿ ನೋಡೋರು ನಾವು. "ಮಾತ್ರೆ ಬಿಡಿ" ಅಂದವರ ಮನೆಯಿಂದ ಮಾತ್ರ ಆ ಕ್ಷಣ ಚಪ್ಪಲಿ ಮೆಟ್ಟಿಕೊಂಡು ಬಂದುಬಿಡಿ.

ನಿಜವಾಗಿ ಕಲೀಬೇಕು ಅನ್ನೋ ಹುಡುಗಿಯರು ನಮ್ಮ ಮನೆಗಳಲ್ಲಿದ್ದರೆ ಅವರನ್ನ ಓದಿಸಿ. ಐದೂವರೆ ವರ್ಷ ಓದಿ ಬರಲಿ, ನನ್ನ ಮಂಡಿಯನ್ನ ನಾನೇ ಮೊದಲು ಚಾಚ್ತೀನಿ. ಅಲ್ಲೀವರೆಗೆ ನಮ್ಮ ನಡುಮನೆ ಸೂಜಿ ಕ್ಲಾಸಿಗೆ ಸಿಗಲ್ಲ, ಎಣ್ಣೆ ಬಟ್ಟಲಿಗೆ ಯಾವಾಗ ಬೇಕಾದ್ರೂ ಸಿಗತ್ತೆ. ಬೈಯಬೇಕು ಅನ್ನೋರು ಗ್ರೂಪಲ್ಲಿ ಬೈಯಬೇಡಿ, ಮನೆಗೇ ಬನ್ನಿ. ಕಾಫಿ ಕೊಡ್ತೀನಿ, ಪೂರ್ತಿ ಕೇಳ್ತೀನಿ, ಆಮೇಲೆ ಇದನ್ನೇ ಮತ್ತೆ ಹೇಳ್ತೀನಿ.